ನೀನು ಹೊಡೆದಿದ್ದು ನಾನು ಹುಡುಕ್ಬೇಕು

ನಾನು ಗಾಲ್ಫ್ ಹಾಕ್ಕೊಂಡು ಕೂತ್ರೆ ನಮ್ಮನೇಲಿ ಎಲ್ರೂ ಎದ್ದು ಹೋಗ್ತಾರೆ, ಇರ್ಲಿ ಬಿಡಿ. ಆದ್ರೆ ನಾನು ತಪ್ಪದೆ ಫಾಲೋ ಮಾಡೋದು ಕೋಟಿಗಟ್ಲೆ ದುಡ್ಡಿನ ಟೂರ್ನಮೆಂಟಲ್ಲ, ಕಾಲೇಜು ಹುಡುಗ್ರು ಹುಡುಗೀರು ಆಡೋ ಅರ್ನಾಲ್ಡ್ ಪಾಮರ್ ಕಪ್ಪು.

1997ರಲ್ಲಿ ಫ್ಲಾರಿಡಾದ ಬೇ ಹಿಲ್‌ನಲ್ಲಿ ಶುರುವಾದಾಗ ಅಮೆರಿಕಕ್ಕೆ ಎದುರಾಳಿ ಬ್ರಿಟನ್-ಐರ್ಲೆಂಡ್, 2003ರಿಂದ ಇಡೀ ಯುರೋಪು. ಮುಂದೆ ದೊಡ್ಡ ಹೆಸರು ಮಾಡಿದ ಡಸ್ಟಿನ್ ಜಾನ್ಸನ್, ಜಸ್ಟಿನ್ ಥಾಮಸ್ ಎಲ್ಲಾ ಕಾಲೇಜಲ್ಲಿದ್ದಾಗ ಇಲ್ಲಿ ಆಡಿದೋರೇ. ಸ್ಪೇನಿನ ಯಾನ್ ರಾಮ್ ಯುರೋಪ್ ಕಡೆಯಿಂದ ಆಡ್ದ, ಓದ್ತಾ ಇದ್ದಿದ್ದು ಮಾತ್ರ ಅಮೆರಿಕದ ಅರಿಜೋನಾ ಸ್ಟೇಟಲ್ಲಿ. ಇದೇ ಮಜಾ ನೋಡಿ, ವರ್ಷವಿಡೀ ಒಂದೇ ಕಾಲೇಜಿಗೆ ಆಡೋರು ಇಲ್ಲಿ ಮೂರು ದಿನ ಎದುರುಬದುರು ನಿಲ್ಲೋ ಹಾಗಾಗತ್ತೆ.

2018ರಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ ಆಟದ ರೂಪಾನೇ ಬದಲಾಯ್ತು. ಅಮೆರಿಕ ಒಂದು ಕಡೆ, ಉಳಿದ ಪ್ರಪಂಚ ಎಲ್ಲಾ ಇನ್ನೊಂದು ಕಡೆ, ಒಂದೊಂದು ಟೀಮಲ್ಲಿ 12 ಹುಡುಗ್ರು 12 ಹುಡುಗೀರು, ಒಟ್ಟು 60 ಪಾಯಿಂಟು. ಹುಡುಗೀರಿಗೆ ಅಂತ ಪಕ್ಕದಲ್ಲಿ ಬೇರೆ ಕಪ್ ಇಟ್ಟು ಕೈ ತೊಳ್ಕೊಳ್ಲಿಲ್ಲ, ಅದು ನಂಗೆ ಬಹಳ ಹಿಡಿಸ್ತು.

ಅದ್ರಲ್ಲೂ ಮಿಕ್ಸೆಡ್ ಫೋರ್‌ಸಮ್ಸ್ ಅಂತ ಒಂದಿದೆ, ನಾನು ಕಾಯೋದೇ ಅದಕ್ಕೆ. ಹುಡುಗ ಹುಡುಗಿ ಜೋಡಿಗೆ ಒಂದೇ ಬಾಲು, ಟೇಬಲ್ ಟೆನಿಸ್ ಡಬಲ್ಸ್ ಥರ ಒಬ್ರಾದ್ಮೇಲೆ ಒಬ್ರು ಹೊಡೀಬೇಕು. 1, 3, 5ನೇ ಹೋಲಲ್ಲಿ ಮೊದಲ ಏಟು ಒಬ್ರದ್ದು, 2, 4, 6ರಲ್ಲಿ ಇನ್ನೊಬ್ರದ್ದು, ಹಾಗಾಗಿ ಯಾರು ಯಾವ್ದು ತಗೋಬೇಕು ಅನ್ನೋದ್ರಲ್ಲೇ ಅರ್ಧ ತಲೆ ಖರ್ಚಾಗತ್ತೆ. ಯಾಕಂದ್ರೆ ಹುಡುಗೀರ ಟೀ, ಅಂದ್ರೆ ಮೊದಲ ಏಟು ಹೊಡೆಯೋ ಜಾಗ, ಮುಂದಿರತ್ತೆ, ಹುಡುಗಂಗೆ ಅವಳು ಹೊಡೆದು ಹಾಕಿರೋ ಜಾಗದಿಂದ ಎರಡನೇ ಏಟು ಹೊಡೆದು ರೂಢಿ ಇರಲ್ಲ, ಅವಳಿಗೋ ಅವನು ಹೊಡೆದು ಹಾಕಿರೋ ಜಾಗದಿಂದ. ಗಾಲ್ಫಲ್ಲಿ ನನ್ನ ತಪ್ಪಿಗೆ ನಾನೇ ಅನುಭವಿಸ್ತೀನಿ ತಾನೇ, ಇಲ್ಲಿ ನಾನು ಮರಳಿಗೆ ಹಾಕಿದ್ದನ್ನ ನೀನು ಎತ್ಬೇಕು. ಅದಕ್ಕೇ ಫೋರ್‌ಸಮ್ಸ್ ಆಡೋರು ಒಬ್ರಿಗೊಬ್ರು 'ಸಾರಿ' ಅನ್ಬಾರ್ದು ಅಂತಾರೆ, ಶುರು ಮಾಡಿದ್ರೆ 18 ಹೋಲೂ ಅದೇ ಆಗತ್ತೆ!

ಎವಿಯಾನಲ್ಲಿ ಅಮೆರಿಕ 38.5-21.5ರಲ್ಲಿ ಗೆದ್ತು, ಮುಂದಿನ ವರ್ಷ ಆರ್ಕನ್ಸಾದ ಅಲೋಷಿಯನ್ ಕ್ಲಬ್ಬಲ್ಲಿ ಅವ್ರ ನೆಲದಲ್ಲೇ ಉಳಿದ ಪ್ರಪಂಚದ ಇಂಟರ್‌ನ್ಯಾಷನಲ್ ಟೀಮು 33.5-26.5 ಮಾಡಿ ಸೇಡು ತೀರಿಸ್ಕೊಂಡ್ತು. ನಾನಂತೂ ಯಾವಾಗ್ಲೂ ಈ ಕಡೇನೇ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕಾಲೇಜು ಗಾಲ್ಫಿನ ದಾರಿ ಹಿಡೀದೆ 2016ರಲ್ಲೇ ದುಡ್ಡಿಗೆ ಆಡೋ ಪ್ರೊ ಆಗ್ಬಿಟ್ಳು, ಇಲ್ದಿದ್ರೆ ಇಲ್ಲಿ ಅವಳನ್ನ ನೋಡೋ ಆಸೆ ಇತ್ತು.

ಅಂದ ಹಾಗೆ, ಇದನ್ನೆಲ್ಲಾ ನೋಡಿ ಹುರುಪು ಬಂದು ಒಂದ್ಸಲ ನಾನೂ ನಮ್ಮ ಭಾವನೂ ಫೋರ್‌ಸಮ್ಸ್ ಆಡಿದ್ವಿ. ಎರಡನೇ ಹೋಲಲ್ಲೇ ನಾನು ಬಾಲನ್ನ ಪೊದೆಗೆ ಕಳಿಸ್ದೆ. ಸಾರಿ ಅನ್ಬಾರ್ದು ಅಂತ ನಾನು ಸುಮ್ನಿದ್ದೆ, ಭಾವ ಒಂಬತ್ತು ಹೋಲ್ ಮುಗಿಯೋವರ್ಗೂ ಸುಮ್ನಿದ್ರು.