ಹಳೆಯ ಗೋರಿ, ಹೊಸ ನಿಯಮ

ಆಟಗಾರರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆಯೊಳಗೆ ಸಾಗುವ ಆಟ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’. ಅದನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ, ಗೋರಿಯೊಂದರೊಳಗೆ ನಡೆಯುವ ‘ಟೂಮ್ ಆಫ್ ಹಾರರ್ಸ್’ ಸಾಹಸಕಥೆಯನ್ನು ನನ್ನ ಭಾನುವಾರದ ಆಟಕ್ಕೆಂದು ಮೂರು ರಾತ್ರಿಗಳಿಂದ ಐದನೇ ಆವೃತ್ತಿಯ ನಿಯಮಗಳಿಗೆ ಒಗ್ಗಿಸುತ್ತಿದ್ದೇನೆ. 1975ರ ಸ್ಪರ್ಧೆಯೊಂದರಲ್ಲಿ ಆಡಿಸಿದ್ದು, 1978ರಲ್ಲಿ ಅಚ್ಚಾಯಿತು. 2017ರಲ್ಲಿ ಪ್ರಕಾಶಕರೇ ಹೊಸ ನಿಯಮಕ್ಕೆ ಹೊಂದಿಸಿ ತಂದಿದ್ದಾರೆ. ಆದರೂ ಮೂಲವನ್ನು ಕೈಯಾರೆ ಬಿಚ್ಚಿ ನೋಡುವ ಆಸೆ ನನಗೆ.

ಲೆಕ್ಕ ಸುಲಭ. ಪಾತ್ರಕ್ಕೆ ಏಟು ತಗಲಿಸುವುದು ಎಷ್ಟು ಕಷ್ಟವೆಂದು ಹೇಳುವ ರಕ್ಷಾಕವಚದ ಅಂಕ ಆಗ ಕಡಿಮೆಯಾದಷ್ಟೂ ಒಳ್ಳೆಯದು, ಈಗ ಹೆಚ್ಚಾದಷ್ಟೂ. ಇಪ್ಪತ್ತರಿಂದ ಕಳೆದರಾಯಿತು: ಅಂದಿನ 2 ಇಂದಿನ 18. ಕಷ್ಟವಿರುವುದು ಗೋರಿಯ ಗೋಡೆಯ ಮೇಲಿನ ಹಸಿರು ಪಿಶಾಚಿ ಮುಖವೊಂದರಲ್ಲಿ. ತೆರೆದ ಬಾಯಿಯೊಳಗೆ ಬರೀ ಕತ್ತಲು. ನುಸುಳಿದವನು ಅಲ್ಲಿಗೆ ಮುಗಿದ. ದಾಳ ಉರುಳಿಸಿ ಪಾರಾಗುವ ಅವಕಾಶವೂ ಇಲ್ಲ. ಒಂದು ಅವಕಾಶ ಕೊಡೋಣವೆಂದು ಪೆನ್ಸಿಲ್‌ನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಆ ಜಾಗದಲ್ಲಿ ಕಾಗದವೇ ಸವೆದುಹೋಗಿದೆ. ಕೊನೆಗೆ ಅಳಿಸಿಯೇ ಬಿಟ್ಟೆ. ಆ ಬಾಯಿಯ ಮುಂದೆ ನಿಂತು ಆಟಗಾರರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾ ಮೊದಲು ಏನನ್ನು ತೂರಿಸಿ ನೋಡೋಣವೆಂದು ಯೋಚಿಸುವ ಆ ಹತ್ತು ನಿಮಿಷವನ್ನು ನಾನೇಕೆ ಕಸಿದುಕೊಳ್ಳಲಿ?

ತಂಗಿಯ ಮಗಳು ಮೊದಲ ಬಾರಿಗೆ ಆಡಲು ಬರುತ್ತಿದ್ದಾಳೆ. ಸಾಮಾನಿನ ಪಟ್ಟಿಯಲ್ಲಿ ಹತ್ತಡಿಯ ಕೋಲೊಂದನ್ನು ಮರೆಯದೆ ಬರೆದುಕೋ ಎಂದು ಹೇಳಿದ್ದೇನೆ.