ಪ್ರೋಟಾನಿನಿಂದ ವಿಶ್ವದವರೆಗೆ: ಅಳತೆಪಟ್ಟಿಯ ನಾಲ್ಕನೆಯ ವಾರ

ಈ ವಾರ ಕೆಲಸ ಮುಂದಕ್ಕೆ ಹೋಗಲಿಲ್ಲ. ಪ್ರೋಟಾನಿನಿಂದ ವಿಶ್ವದವರೆಗಿನ ಅಳತೆಗಳನ್ನು ಗುರುತಿಸಲು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಇಟ್ಟಿದ್ದ ಚುಕ್ಕೆಗಳನ್ನೆಲ್ಲ ಅಳಿಸಬೇಕಾಯಿತು. ಕಾರಣ ಬರೆದಿಡುತ್ತೇನೆ.

ಪಟ್ಟಿಯ ನಿಯಮ ಹಳೆಯದೇ. ಹತ್ತರ ಒಂದೊಂದು ಘಾತಕ್ಕೆ 10 ಸೆಂಟಿಮೀಟರಿನ ಒಂದು ಮನೆ. ಎಡತುದಿ 10⁻¹⁵ ಮೀಟರ್, ಬಲತುದಿ 10²⁷ ಮೀಟರ್. 42 ಮನೆ, 4.2 ಮೀಟರ್ ಕಾಗದ. ಅಳತೆಯನ್ನು ವೈಜ್ಞಾನಿಕ ರೂಪದಲ್ಲಿ (4.0 × 10¹⁶ ಎಂಬಂತೆ) ಬರೆದರೆ ಯಾವ ಮನೆ ಎಂಬುದನ್ನು ಘಾತಸೂಚಿ (ಇಲ್ಲಿ 16) ಹೇಳುತ್ತದೆ. ಮನೆಯೊಳಗಿನ ಜಾಗವನ್ನು ಹೇಳಬೇಕಾದದ್ದು ಅದರ ಹಿಂದಿನ ಗುಣಾಂಕ (ಇಲ್ಲಿ 4.0). ತಪ್ಪಿದ್ದು ಅಲ್ಲಿ.

ನಾನು 1ರಿಂದ 10ರವರೆಗೆ ಸಮಭಾಗ ಮಾಡಿಕೊಂಡಿದ್ದೆ. 1ರಿಂದ 2ಕ್ಕೆ ಹೋದರೂ ದುಪ್ಪಟ್ಟು, 2ರಿಂದ 4ಕ್ಕೆ ಹೋದರೂ ದುಪ್ಪಟ್ಟು. ಎರಡಕ್ಕೂ ಒಂದೇ ಉದ್ದ ಬರಬೇಕು. ನನ್ನ ಪಟ್ಟಿಯಲ್ಲಿ ಮೊದಲನೆಯದಕ್ಕೆ 1.1 ಸೆಂಟಿಮೀಟರ್, ಎರಡನೆಯದಕ್ಕೆ 2.2. ಲಾಗರಿದಮ್ ಕೋಷ್ಟಕ (ಒಂದು ಸಂಖ್ಯೆ ಹತ್ತರ ಎಷ್ಟನೆಯ ಘಾತ ಎಂದು ತೋರಿಸುವ ಪಟ್ಟಿ) ತೆರೆದು ನೋಡಿದಾಗ ಎರಡೂ 3 ಸೆಂಟಿಮೀಟರಿಗೆ ಬಂದು ನಿಂತವು. ಮನೆಯ ನಟ್ಟನಡುವೆ ಇರುವುದು 5 ಅಲ್ಲ, ಹತ್ತರ ವರ್ಗಮೂಲವಾದ 3.16! ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ, 1.496 × 10¹¹ ಮೀಟರ್, ಮನೆಯ ಎಡಗೆರೆಯಿಂದ ಅರ್ಧ ಸೆಂಟಿಮೀಟರಿನಲ್ಲಿದ್ದದ್ದು 1.75ಕ್ಕೆ ಸರಿಯಿತು. 4.0 × 10¹⁶ ಮೀಟರ್ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ನಡುಗೆರೆಯನ್ನೇ ದಾಟಿತು.

ಎಡಗಡೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹೈಡ್ರೋಜನ್ ಪರಮಾಣುವಿನ ಬೋರ್ ತ್ರಿಜ್ಯ (ನ್ಯೂಕ್ಲಿಯಸಿನಿಂದ ಎಲೆಕ್ಟ್ರಾನಿಗಿರುವ ದೂರದ ಪ್ರಮಾಣಿತ ಅಳತೆ) 5.29 × 10⁻¹¹ ಮೀಟರ್. ಘಾತಸೂಚಿ ಋಣವಾದರೂ ಗುಣಾಂಕ ಚುಕ್ಕೆಯನ್ನು ಬಲಕ್ಕೇ ತಳ್ಳುತ್ತದೆ: −11ರ ಗೆರೆಯಿಂದ −10ರ ಕಡೆಗೆ 7.2 ಸೆಂಟಿಮೀಟರ್. ನಾನು −12ರ ಕಡೆಗೆ ಎಣಿಸಿದ್ದೆ. (ಪ್ರೋಟಾನಿಗೆ ವ್ಯಾಸವನ್ನೇ, 1.7 × 10⁻¹⁵ ಮೀಟರನ್ನೇ, ಆರಿಸಿಕೊಂಡಿದ್ದೇನೆ. ಅದರ ತ್ರಿಜ್ಯ ಪಟ್ಟಿಯ ಹೊರಗೆ ಬೀಳುತ್ತದೆ.)

ತಿದ್ದಿದ ಮೇಲೆ ಸಿಕ್ಕ ಸಂತೋಷ ದೊಡ್ಡದು. ಭೂಮಿಯ ವ್ಯಾಸ 1.27 × 10⁷ ಮೀಟರ್, ಸೂರ್ಯನದು 1.39 × 10⁹. ಎರಡು ಚುಕ್ಕೆಗಳ ನಡುವೆ ದಾರ ಹಿಡಿದೆ: 20.4 ಸೆಂಟಿಮೀಟರ್. ಅಂದರೆ 10ರ 2.04ನೇ ಘಾತ, ಸುಮಾರು 109 ಪಟ್ಟು. ಭಾಗಾಕಾರವನ್ನು ದಾರವೇ ಮಾಡಿಕೊಟ್ಟಿತು. ಹಿಂದೆ ಎಂಜಿನಿಯರುಗಳು ಬಳಸುತ್ತಿದ್ದ ಸ್ಲೈಡ್ ರೂಲ್ (ಜಾರುವ ಪಟ್ಟಿಯಿಂದ ಗುಣಾಕಾರ, ಭಾಗಾಕಾರ ಮಾಡುವ ಸಾಧನ) ನಡೆಯುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ.

ಈಗ 10¹⁷ರವರೆಗೆ ತಿದ್ದಿಯಾಗಿದೆ. ಆಂಡ್ರೊಮಿಡಾ ಗೆಲಾಕ್ಸಿಯ ದೂರ, 2.4 × 10²² ಮೀಟರ್, ಮುಂದಿನ ವಾರಕ್ಕೆ. ಕೊನೆಯದು ದೃಗ್ಗೋಚರ ವಿಶ್ವದ ವ್ಯಾಸ, 8.8 × 10²⁶. ಆ ಚುಕ್ಕೆಯ ಆಚೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಕಾಗದ ಉಳಿಯುತ್ತದೆ.