ತಬಲಾ ಮಾಸ್ತರರ ಸಣ್ಣ ಚೀಲದಲ್ಲಿ ಏನಿದೆ?

ಕೊಪ್ಪಳದ ಸುತ್ತಮುತ್ತ ಭಜನೆ, ಜಾತ್ರೆ, ಶಾಲೆಯ ಕಾರ್ಯಕ್ರಮ ಅಂತ ತಬಲಾ ಸಾಥ್ ಕೊಡೋಕೆ ಹೋಗುತ್ತಿರುತ್ತೇನೆ. ಹೋದಲ್ಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಮಾಸ್ತರ್ರ, ತಬಲಾ ನಮ್ ಕೈಯಾಗ ಕೊಡ್ತೀರಿ, ಆ ಸಣ್ಣ ಚೀಲ ಮಾತ್ರ ಬಿಡಂಗಿಲ್ಲ. ಏನೈತ್ರಿ ಅದ್ರಾಗ?" ರೊಕ್ಕ ಇರಬೇಕು ಅಂತ ಕೆಲವರ ಗುಮಾನಿ. ರೊಕ್ಕ ಇಲ್ಲ. ಸುತ್ತಿಗೆ ಇದೆ.

ಕಾರ್ಯಕ್ರಮ ಮಾಡಿಸುವವರು ಮೈಕು, ಜಮಖಾನೆ, ಚಹಾ, ಮಿರ್ಚಿ ಮಂಡಕ್ಕಿ, ಕೊನೆಗೆ ಹೊದಿಸೋಕೆ ಶಾಲು, ಎಲ್ಲ ತಯಾರಿಟ್ಟಿರುತ್ತಾರೆ. ಅವರ ಹತ್ತಿರ ಇರದ, ರಾತ್ರಿ ಒಂಬತ್ತಕ್ಕೆ ಆ ಊರಿನ ಯಾವ ಅಂಗಡಿಯಲ್ಲೂ ಸಿಗದ ಸಾಮಾನು ಮಾತ್ರ ನನ್ನ ಚೀಲದಲ್ಲಿರುತ್ತದೆ. ಉಳಿದದ್ದೆಲ್ಲ ಸುಮ್ನೆ ಭಾರ.

ಮೊದಲು ಸುತ್ತಿಗೆ. ತಬಲಾದ ಬಾಯಿಯ ಸುತ್ತ ಹೆಣೆದ ಚರ್ಮದ ಜಡೆ ಇರುತ್ತದಲ್ಲ, ಅದಕ್ಕೆ ಗಜರಾ ಅಂತೀವಿ. ಅದನ್ನು ಮೇಲಿಂದ ಕೆಳಕ್ಕೆ ತಟ್ಟಿದರೆ ಸ್ವರ ಏರುತ್ತದೆ. ಕೆಳಗಿಂದ ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ಜಾಸ್ತಿ ವ್ಯತ್ಯಾಸ ಬೇಕಿದ್ದರೆ ಬಾರಿನ ಕೆಳಗೆ ಸಿಕ್ಕಿಸಿರುವ ಎಂಟು ಮರದ ಗಟ್ಟಾಗಳನ್ನು, ಅಂದರೆ ಉರುಟು ತುಂಡುಗಳನ್ನು, ಸರಿಸಬೇಕು. ಗಜರಾದಲ್ಲಿ ಬಾರುಗಳ ನಡುವೆ 16 ಮನೆಗಳು. ಒಂದು ಮನೆ ತಟ್ಟಿದ ಮೇಲೆ ಅದರ ಎದುರಿನ ಮನೆಗೆ ಹೋಗಬೇಕು. ಒಂದೇ ಕಡೆ ಬಡಿಯುತ್ತ ಕೂತರೆ ಆ ಬದಿ ಒಂದು ಸ್ವರ, ಈ ಬದಿ ಇನ್ನೊಂದು ಸ್ವರ.

ಈ ಸುತ್ತಿಗೆಯ ಮುಖ ಸಣ್ಣದು, ನುಣುಪಾಗಿರಬೇಕು. ಪೆಂಡಾಲ್ ಹಾಕುವ ಹುಡುಗರು "ಸರ, ಒಂದ್ ಮೊಳೆ ಅಷ್ಟ ಹೊಡ್ಕೊಂಡ್ ಕೊಡ್ತೀವಿ" ಅಂತ ಬರುತ್ತಾರೆ. ಕೊಡಲ್ಲ. ಮೊಳೆ ಹೊಡೆದರೆ ಮುಖದ ಮೇಲೆ ಗೀರು, ಕಚ್ಚು ಬೀಳುತ್ತವೆ. ಆಮೇಲೆ ಅದೇ ಕಚ್ಚು ಗಜರಾದ ಚರ್ಮವನ್ನು ಕೊರೆಯುತ್ತದೆ. ಜುಗ್ಗ ಅಂತ ಬೈದರೂ ಪರವಾಗಿಲ್ಲ.

ನಮ್ಮ ಕಡೆ ಈ ಸುತ್ತಿಗೆಗೆ ಕೆಲಸ ಜಾಸ್ತಿ, ಕಾರಣ ಹವೆ. ಒಣ ಸೆಕೆಗೆ ಚರ್ಮ ಬಿಗಿದು ಸ್ವರ ಮೇಲೆ ಹೋಗುತ್ತದೆ, ತೇವಕ್ಕೆ ಸಡಿಲಾಗಿ ಕೆಳಗೆ ಬರುತ್ತದೆ. ಮೇ ತಿಂಗಳಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ತಬಲಾ ಬಿಟ್ಟರೆ ಸ್ವರ ಹಾಗಿರಲಿ, ಚರ್ಮವೇ ಸೀಳಬಹುದು. ಗವಿಮಠದ ಜಾತ್ರೆ ಬರುವುದು ಜನವರಿಯ ಚಳಿಯಲ್ಲಿ. ಆ ಹೊತ್ತಿನಲ್ಲಿ ರಾತ್ರಿ ಬಯಲಲ್ಲಿ ಕೂತರೆ ಇಬ್ಬನಿ ಬಿದ್ದಂತೆ ತಬಲಾ ಇಳಿಯುತ್ತ ಹೋಗುತ್ತದೆ. ಅದಕ್ಕೇ ಒಂದು ಹಳೆಯ ಪಂಚೆ ತುಂಡು. ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು. ಭಾಷಣ ನಡೆಯುವಾಗ ತಬಲಾ ಮುಚ್ಚೋಕೆ, ಕೈಬೆವರು ಒರೆಸೋಕೆ ಅದೇ. (ಸನ್ಮಾನದ ಶಾಲು ಹೊದಿಸಿ ನೋಡಿದ್ದೇನೆ. ನೂಲು ಉದುರುತ್ತದೆ, ಬೆವರು ಹೀರಲ್ಲ.)

ಹಲಿಗೆ ಬಾರಿಸುವ ನಮ್ಮ ಗೆಳೆಯರಿಗೆ ಈ ರಗಳೆಯೇ ಇಲ್ಲ. ಅವರ ಜೇಬಲ್ಲಿ ಕಡ್ಡಿಪೆಟ್ಟಿಗೆ ಇದ್ದರೆ ಸಾಕು. ಒಂದಿಷ್ಟು ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಚರ್ಮ ಕಾಯಿಸಿದರೆ ಹಲಿಗೆ ಕಣಕಣ ಅನ್ನುತ್ತದೆ. ತಬಲಾವನ್ನು ಹಾಗೆ ಬೆಂಕಿಗೆ ಹಿಡಿಯುವಂತಿಲ್ಲ. ನಡುವಿನ ಕಪ್ಪು ಕರಣೆ ಬಿರುಕು ಬಿಡುತ್ತದೆ.

ಸಿಂಬಿ ಎರಡು, ಮೇಲೊಂದು ಜಾಸ್ತಿ. ಕೊಡ ಹೊರುವ ಸಿಂಬಿಯ ಹಾಗೇ ಇರುತ್ತದೆ, ಬಟ್ಟೆ ಸುತ್ತಿ ಮಾಡಿದ್ದು. ಜಮಖಾನೆಯ ಕೆಳಗಿನ ಹಲಗೆ ಏರುತಗ್ಗಾಗಿದ್ದರೆ ತಬಲಾ ಕುಣಿಯುತ್ತದೆ, ಆಗ ಮೂರನೆಯದು ಉಪಯೋಗಕ್ಕೆ ಬರುತ್ತದೆ. ಪೌಡರ್ ಡಬ್ಬಿ ಬೇಕೇ ಬೇಕು. ಬೆವರಿದ ಬೆರಳು ಚರ್ಮಕ್ಕೆ ಅಂಟುತ್ತದೆ. ಎಡಗೈಲಿ ಬಾರಿಸುವ ದಪ್ಪ ದನಿಯ ಡಗ್ಗಾದ ಮೇಲೆ ಮಣಿಕಟ್ಟು ಜಾರಿಸಿ ಸ್ವರ ಎಳೆಯೋಕಂತೂ ಪೌಡರ್ ಇಲ್ಲದೆ ಆಗಲ್ಲ. ಆದರೆ ಅಂಗೈಗೆ ಚಿಟಿಕೆ ಸಾಕು. ಕೆಲವರು ತಬಲಾಕ್ಕೇ ಸ್ನಾನ ಮಾಡಿಸಿಬಿಡುತ್ತಾರೆ.

ಫೋನಿನಲ್ಲಿ ಶ್ರುತಿ ಹಿಡಿಯೋಕೆ ತಂಬೂರಿ ಆ್ಯಪ್ ಇದೆ, ಪವರ್ ಬ್ಯಾಂಕೂ ಇದೆ. ಆದರೆ ಭಜನೆ ಮಂಡಳಿಯಲ್ಲಿ ನಾನು ಆ್ಯಪ್ ನಂಬಲ್ಲ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳ ರೀಡು, ಅಂದರೆ ಒಳಗೆ ಸ್ವರ ಹೊರಡಿಸುವ ಲೋಹದ ಪಟ್ಟಿಗಳು, ಎಷ್ಟೋ ಸಲ ಹೆಚ್ಚುಕಡಿಮೆ ಆಗಿರುತ್ತವೆ. ಪೆಟ್ಟಿಗೆಯನ್ನು ವೇದಿಕೆ ಮೇಲೆ ಸರಿಮಾಡೋಕೆ ಆಗಲ್ಲ, ತಬಲಾವೇ ಅದಕ್ಕೆ ಹೊಂದಿಕೊಳ್ಳಬೇಕು. ಆ್ಯಪ್ ಪ್ರಕಾರ ಕರಾರುವಾಕ್ಕಾಗಿ ಸೇರಿಸಿಕೊಂಡು ಕೂತರೆ ಇಡೀ ರಾತ್ರಿ ಎರಡೂ ಜಗಳ ಆಡುತ್ತವೆ. ಪೆಟ್ಟಿಗೆ ಬಾರಿಸುವವರ ಚೀಲದಲ್ಲೂ ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ತೆಳು ಕಾಗದದ ಚೂರು ಇರುತ್ತದೆ. ರೀಡಿನಲ್ಲಿ ಧೂಳು ಕೂತು ಸ್ವರ ಹಿಡಿದುಕೊಂಡರೆ ಕಾಗದವನ್ನು ಮೆಲ್ಲಗೆ ಒಳಗೆ ಆಡಿಸಿ ತೆಗೆಯುತ್ತಾರೆ. ತಂಬೂರಿಯವರಾದರೆ ಕುದುರೆ (ತಂತಿಗಳನ್ನು ಹೊತ್ತಿರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಸೇರಿಸುವ ದಾರದ ತುಂಡು ಮರೆಯಲ್ಲ. ಅದಿಲ್ಲದಿದ್ದರೆ ತಂತಿ ಝೇಂಕರಿಸಲ್ಲ.

"ಬಾರು ಹರಿದ್ರ ಏನ್ ಮಾಡ್ತೀರಿ, ಜಾಸ್ತಿ ಬಾರು ಇಟ್ಟೀರೇನು?" ಅಂತಲೂ ಕೇಳುತ್ತಾರೆ. ಇಟ್ಟುಕೊಳ್ಳಲ್ಲ. ಬಾರು ಬಿಚ್ಚಿ ಮತ್ತೆ ಎಳೆದು ಕಟ್ಟುವುದು ಗಂಟೆಗಟ್ಟಲೆ ಕೆಲಸ, ಅದೂ ಆ ಕಸುಬು ಕಲಿತವರ ಕೆಲಸ. ವೇದಿಕೆ ಮೇಲೆ ಬಾರು ಇದ್ದೂ ಪ್ರಯೋಜನವಿಲ್ಲ. ಅದರ ಬದಲು ಇನ್ನೊಂದು ತಬಲಾ ಹೊರುತ್ತೇನೆ. ಹಾಡುವವರ ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ: ಗಂಡಸರು ಸಾಮಾನ್ಯವಾಗಿ ಕಪ್ಪು ಒಂದು, ಕಪ್ಪು ಎರಡರಲ್ಲಿ ಹಾಡುತ್ತಾರೆ, ಹೆಣ್ಣುಮಕ್ಕಳು ಕಪ್ಪು ನಾಲ್ಕು, ಐದರಲ್ಲಿ. ಅಷ್ಟು ಅಂತರವನ್ನು ಒಂದೇ ತಬಲಾದಲ್ಲಿ ಸುತ್ತಿಗೆಯಿಂದ ಸರಿದೂಗಿಸೋಕೆ ಹೋದರೆ ಚರ್ಮ ಹಾಳು. ಹಾಗಾಗಿ ಎರಡನೆಯದು ಹೇಗೂ ಬೇಕು, ಅಲ್ವಾ?

ಇನ್ನು ಬಟ್ಟೆ ಒಣಗಿಸುವ ಕ್ಲಿಪ್ಪುಗಳು. ಇವು ನನಗಲ್ಲ. ಬಯಲು ವೇದಿಕೆಯಲ್ಲಿ ಗಾಳಿ ಬೀಸಿ ಹಾಡುವವರ ತತ್ವಪದದ ಪುಸ್ತಕ ಪಟಪಟ ಅಂತ ಹಾಳೆ ಮಗುಚುತ್ತದೆ. ಹಾಡುವವರು ಸಾಲು ಹುಡುಕುವ ತನಕ ನಾನು ಠೇಕಾ, ಅಂದರೆ ತಾಳದ ಮೂಲ ಬೋಲನ್ನೇ, ಎಳೆಯುತ್ತ ಕೂರಬೇಕು. ಕ್ಲಿಪ್ಪು ಹಾಕಿ ಕೊಟ್ಟರೆ ಇಬ್ಬರಿಗೂ ನೆಮ್ಮದಿ.

ಹೊಸದಾಗಿ ಕಲಿಯುತ್ತಿರುವವರು ಇಷ್ಟೆಲ್ಲ ಹೊರುವುದು ಬೇಡ. ಒಳ್ಳೆಯ ಸುತ್ತಿಗೆ, ಸರಿಯಾದ ಸಿಂಬಿ, ಒಂದು ಹಳೆ ಬಟ್ಟೆ ಸಾಕು. ಪೌಡರ್ ಡಬ್ಬಿ ಇಟ್ಟುಕೊಳ್ಳುವವರು ಮುಚ್ಚಳಕ್ಕೆ ಮರೆಯದೆ ರಬ್ಬರ್ ಬ್ಯಾಂಡ್ ಹಾಕಿ. ಗಂಗಾವತಿ ಬಸ್ಸಿನ ಕುಲುಕಾಟಕ್ಕೆ ಅದು ಬಿಚ್ಚಿಕೊಂಡರೆ ಚೀಲದಲ್ಲಿರುವ ಫೋನು, ಚಾರ್ಜರು, ಊಟದ ಡಬ್ಬಿ ಎಲ್ಲದಕ್ಕೂ ಪೌಡರ್.